ಹೊಂಗೆಪಾಳ್ಯದ ಕೆರೆ ಹೂಳು ತೊಳೆದವರು

ಎರಡು ಬೇಸಿಗೆ ಹಿಂದಿನ ಮಾತು. ನಮ್ಮ ಹೊಂಗೆಪಾಳ್ಯದ ಕೆರೆಯಲ್ಲಿ ಹೂಳು ಎತ್ತಿದರು. ಜೆಸಿಬಿ ಬಂತು, ಹದಿನೈದು ದಿನ ಸದ್ದು ಮಾಡಿತು, ಏರಿ ಪಕ್ಕದಲ್ಲಿ ಕಪ್ಪು ಮಣ್ಣಿನ ಗುಡ್ಡೆ ಎದ್ದಿತು. ಬೇಕಾದವರು ತಗೊಂಡು ಹೋಗಬಹುದು ಅಂದರು. ಕೆರೆ ಗೋಡು, ಒಳ್ಳೇ ಸಾರದ ಹೂಳು ಮಣ್ಣು ಅಂದರೆ ಯಾರು ಬಿಡುತ್ತಾರೆ? ಮಹಡಿ ಮೇಲೆ ಕುಂಡ ಇಟ್ಟವರು ಚೀಲ ತಂದರು. ಸೊಪ್ಪು ಬೆಳೆಯುವವರು ಟೆಂಪೋ ತಂದರು.

ನಾನು ಸೌಮ್ಯ, ಇಲ್ಲಿನ ಅಂಗನವಾಡಿ ಟೀಚರ್. ನಾಗಸಂದ್ರ ಮೆಟ್ರೋ ಇಳಿದು, ಕಾರ್ಖಾನೆ ಶೆಡ್ಡುಗಳ ಸಾಲು ದಾಟಿ ಒಳಗೆ ಬಂದರೆ ನಮ್ಮೂರು. ಈಗ ಅರ್ಧ ಊರು, ಅರ್ಧ ಅಪಾರ್ಟ್‌ಮೆಂಟು. ಆದರೂ ಕೆರೆ ಕೆಳಗೆ ಚನ್ನಕ್ಕನವರ ಹತ್ತು ಗುಂಟೆ ಜಮೀನು ಹಾಗೇ ಉಳಿದಿದೆ. ದಂಟು, ಪಾಲಕ್, ಮೆಂತ್ಯ ಬೆಳೆಯುತ್ತಾರೆ. ಬೆಳಿಗ್ಗೆ ಮೆಟ್ರೋ ಮೆಟ್ಟಿಲ ಹತ್ತಿರ ಕೂತು ಮಾರುತ್ತಾರೆ. ಮಾರಲು ಹೋಗುವ ಮುಂಚೆ ಎರಡು ಕಟ್ಟು ಸೊಪ್ಪನ್ನು ನಮ್ಮ ಮಕ್ಕಳ ಸಾರಿಗೆ ಅಂತ ಅಂಗನವಾಡಿ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಬೇಡ ಅಂದರೂ ಕೇಳುವವರಲ್ಲ.

ಅವರ ಯಜಮಾನರು ದೊಡ್ಡಮುನಿಯಪ್ಪ. ಮೂವತ್ತು ವರ್ಷ ಪ್ಲೇಟಿಂಗ್ ಕೆಲಸ ಮಾಡಿದವರು. ಕಬ್ಬಿಣದ ಸಾಮಾನಿಗೆ ನಿಕ್ಕಲ್, ಕ್ರೋಮ್ ಹೊಳಪು ಕೊಡುವ ಕೆಲಸ. ಆ ಆವಿ ಕುಡಿದೂ ಕುಡಿದೂ ಅವರ ಮೂಗಿನ ಒಳಗೋಡೆ ತೂತಾಗಿದೆ. ಕೈ ಮೇಲೆ ಹಳೇ ಹುಣ್ಣಿನ ಗುಂಡಿಗಳಿವೆ. ಅವರು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿ ಹದಿನೆಂಟು ವರ್ಷ ಆಯಿತು. ಈಗ ಹೆಂಡತಿ ಪಕ್ಕ ಕೂತು ಸೊಪ್ಪಿನ ಕಟ್ಟು ಕಟ್ಟುತ್ತಾರೆ.

ಒಂದು ಬೆಳಿಗ್ಗೆ ಸೊಪ್ಪು ಕೊಳ್ಳಲು ಕಾವ್ಯಾ ಮೇಡಂ ಬಂದರು. ರಾಣೆಬೆನ್ನೂರು ಕಡೆಯವರು, ಕೆರೆ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮನೆ. ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾಗಳ ಬಗ್ಗೆ ಸಂಶೋಧನೆ ಮಾಡುತ್ತಾರೆ. ದಂಟಿನ ಕಟ್ಟು ಎತ್ತಿ ಬೇರು ನೋಡಿದರು.

"ಚನ್ನಕ್ಕ, ಈ ಕರೀ ಮಣ್ಣು ಎಲ್ಲೀದ್ರಿ?"

"ನಮ್ ಕೆರೇದೇ ಮೇಡಂ. ಕಾಲು ಭಾಗ ಜಮೀನ್ಗೆ ಆಕಿದೀವಿ. ನೋಡಿ, ದಂಟು ಎಂಗೆ ಬಂದೈತೆ!"

"ಪರೀಕ್ಷೆ ಮಾಡ್ಸೀರೇನ್ರಿ?"

"ಮಣ್ಗೆ ಏನ್ ಪರೀಕ್ಷೆ ಮೇಡಂ? ನಮ್ಮತ್ತೆ ಕಾಲದಿಂದ ಆಕ್ತಾ ಬಂದವ್ರೆ."

ದೊಡ್ಡಮುನಿಯಪ್ಪ ತಲೆ ಎತ್ತದೆ ಹೇಳಿದರು. "ಕಾರ್ಖಾನೆ ನೀರು ಬರ್ತಿದ್ದ ಕಾಲ ಓಯ್ತು ಮೇಡಂ. ಆಮೇಲೆ ಎಷ್ಟ್ ಮಳೆ ಬಂದೋಗೈತೆ! ಎಲ್ಲಾ ಕೊಚ್ಕೊಂಡ್ ಓಗಿರ್ತೈತೆ."

"ಎಲಿ ಬಿದ್ರ ಕೊಳೀತೈತಿ ಯಜಮಾನ್ರ. ಸತ್ತ ಮೀನು ಕೊಳೀತೈತಿ. ಲೋಹ ಕೊಳಿಯಂಗಿಲ್ಲ. ನೀರು ಮುಂದ ಹರಿದು ಹೋಗ್ತೈತಿ, ಅದು ತಳದ ಕೆಸರಿನಾಗ ಕೂತುಬಿಡ್ತೈತಿ. ಇಪ್ಪತ್ತು ವರ್ಷ ಆದ್ರೂ ಅಲ್ಲೇ."

ಅಂದೇ ಅವರು ಜಮೀನಿಗೆ ಹೋಗಿ ಒಂದು ಡಬ್ಬಿ ಮಣ್ಣು, ಒಂದು ಕಟ್ಟು ಸೊಪ್ಪು ಲ್ಯಾಬ್‌ಗೆ ತಗೊಂಡು ಹೋದರು. ದೊಡ್ಡಮುನಿಯಪ್ಪ ನಕ್ಕರು. "ಓದಿದೋರ್ಗೆ ಮಣ್ಣು ಕಂಡ್ರೂ ಭಯ" ಅಂದರು.

ಹನ್ನೆರಡು ದಿನ ಕಳೆಯಿತು. ಅಂದು ಅಂಗನವಾಡಿ ಒಲೆ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು. ಕಾವ್ಯಾ ಮೇಡಂ ಚನ್ನಕ್ಕನವರನ್ನು ಕರಕೊಂಡು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದು ಕಾಗದ.

"ಸೌಮ್ಯಾ, ಒಲಿ ಆರಿಸ್ರಿ" ಅಂದರು.

ಕಾಗದದಲ್ಲಿ ನಿಕ್ಕಲ್, ಕ್ರೋಮಿಯಂ, ಕ್ಯಾಡ್ಮಿಯಂ ಅಂತ ಬರೆದಿತ್ತು. ಮೂರೂ ಇರಬಾರದಷ್ಟು ಇದ್ದವು. ಮಣ್ಣಿನಲ್ಲಿ ಬಹಳ. ಸೊಪ್ಪಿನಲ್ಲೂ ಇತ್ತು.

"ಚೆನ್ನಾಗಿ ತೊಳೆದು, ಬೇಯಿಸಿದ್ರೆ ಹೋಗಲ್ವಾ ಮೇಡಂ?" ನಾನು ಕೇಳಿದೆ.

"ಮೇಲಿನ ಮಣ್ಣು ಹೋಗ್ತೈತಿ. ಬೇರು ಹೀರಿ ಎಲಿ ಒಳಗ ಇಟ್ಟಿದ್ದು ಹೋಗಂಗಿಲ್ಲ. ಕುದಿಸಿದ್ರೂ ಹೋಗಂಗಿಲ್ಲ. ನಾಕು ದಿನ ತಿಂದ್ರ ಏನೂ ಆಗ್ಲಿಕ್ಕಿಲ್ಲ, ಗಾಬರಿ ಬ್ಯಾಡ. ಆದ್ರ ದಿನಾ ಚೂರು ಚೂರು ಒಳಗ ಸೇರಿದ್ರ ಮೂತ್ರಪಿಂಡಕ್ಕ, ಎಲುಬಿಗೆ ಕೆಟ್ಟದ್ದು. ಸಣ್ಣ ಮಕ್ಕಳಿಗೆ ಇನ್ನೂ ಕೆಟ್ಟದ್ದು."

ಚನ್ನಕ್ಕ ಒಲೆ ಮೇಲಿನ ಪಾತ್ರೆಯತ್ತ ನೋಡಿದರು. ಚಾಪೆ ಮೇಲೆ ಹದಿನೆಂಟು ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದವು. "ನಾನೇ ತಂದಿಟ್ನಲ್ಲಮ್ಮ" ಅಂದರು ಚನ್ನಕ್ಕ. ಸಾರನ್ನು ನಾನು ಚೆಲ್ಲಿದೆ. ಮಕ್ಕಳಿಗೆ ಅಂದು ಬೇಳೆ ಕಟ್ಟು ಮಾಡಿದೆ. ಮಾರನೇ ದಿನ ಎಲ್ಲರನ್ನೂ ಆರೋಗ್ಯ ಕೇಂದ್ರಕ್ಕೆ ತೋರಿಸಿದೆವು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಚನ್ನಕ್ಕ ಆಮೇಲೆ ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಕೆರೆ ಮಣ್ಣು ಹಾಕಿದ ಕಡೆ ಇದ್ದ ಸೊಪ್ಪನ್ನೆಲ್ಲ ಬೇರು ಸಮೇತ ಕಿತ್ತರು. ದನಕ್ಕೂ ಹಾಕಲಿಲ್ಲ, ಗುಂಡಿಗೆ ಗೊಬ್ಬರಕ್ಕೂ ಹಾಕಲಿಲ್ಲ. ಕಾವ್ಯಾ ಮೇಡಂ ಹೇಳಿದಂತೆ ಚೀಲದಲ್ಲಿ ಕಟ್ಟಿಟ್ಟರು. ಮಾರನೇ ಬೆಳಿಗ್ಗೆ ಮೆಟ್ರೋ ಮೆಟ್ಟಿಲ ಹತ್ತಿರ ಬರಿಗೈಲಿ ನಿಂತು, ಬಂದ ಗಿರಾಕಿಗಳಿಗೆಲ್ಲ ತಾವೇ ಹೇಳಿದರು. "ಓದ ವಾರದ ಸೊಪ್ಪು ಮನೇಲಿದ್ರೆ ತಿನ್ಬೇಡಿ. ಪರೀಕ್ಷೆ ಆಗೋ ಗಂಟ ನಾನು ಮಾರಲ್ಲ." ಎಷ್ಟು ಜನ ಹೀಗೆ ಹೇಳುತ್ತಾರೆ?

ಮಣ್ಣಿನ ಗುಡ್ಡೆ ಮಾತ್ರ ಏರಿ ಪಕ್ಕ ಹಾಗೇ ಬಿದ್ದಿತ್ತು. ಎಲ್ಲಿಗೆ ಕಳಿಸುವುದು? ಇನ್ನೊಂದು ಊರಿನ ಪಕ್ಕ ಸುರಿದರೆ ಅವರ ಮಕ್ಕಳೂ ಮಕ್ಕಳೇ. ಊರವರ ಸಭೆ ಸೇರಿತು. ಮೊದಲು ಮಣ್ಣು ಒಯ್ದವರಿಗೆಲ್ಲ ಹೇಳಿ ವಾಪಸ್ ತರಿಸಲು, ಗುಡ್ಡೆಗೆ ಟಾರ್ಪಾಲ್ ಹೊದಿಸಲು ಒಪ್ಪಿದರು, ಮಳೆಗೆ ಮತ್ತೆ ಕೆರೆಗೆ ಇಳಿಯಬಾರದಲ್ಲ. ಆಮೇಲೆ ಕಾವ್ಯಾ ಮೇಡಂ ಎದ್ದು ನಿಂತರು.

"ನಮ್ಮ ಲ್ಯಾಬ್‌ನವರು ಒಂದು ಪ್ರಯೋಗ ಮಾಡ್ತೀವ್ರಿ. ಬ್ಯಾಕ್ಟೀರಿಯಾ ಬಿಟ್ಟು ಈ ಕೆಸರಿನಿಂದ ಲೋಹ ಹೊರಗ ತೆಗೀತೀವಿ."

ಹಿಂದಿನಿಂದ ದೊಡ್ಡಮುನಿಯಪ್ಪನ ದನಿ ಬಂತು. "ಮೇಡಂ, ನಿಕ್ಕಲ್ ಜತೆ ಮೂವತ್ ವರ್ಸ ಬಾಳಿದೀನಿ. ಅದು ಅಂಟ್ಕೊಂಡ್ರೆ ಸುಲಭಕ್ಕೆ ಬಿಡೋ ಜಾತಿ ಅಲ್ಲ. ಆಸಿಡ್‌ನಾಗೆ ಅದ್ದಬೇಕು. ಕಣ್ಗೆ ಕಾಣದ ಹುಳ ಬಿಡಿಸ್ತಾವಾ?"

"ಆಸಿಡ್‌ನಾಗ ಅದ್ದಬೇಕು ಅಂದ್ರಲ್ಲ, ಅದೇ ಸರಿ ಯಜಮಾನ್ರ. ಆ ಆಸಿಡ್ಡನ್ನ ಇವು ಮಾಡ್ತಾವು."

ಮೇಡಂ ಬಿಡಿಸಿ ಹೇಳಿದರು. ಗಂಧಕ ತಿಂದು ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ. ನಾವು ಅನ್ನ ತಿಂದು ಉಸಿರು ಬಿಟ್ಟ ಹಾಗೆ, ಅದು ಗಂಧಕ ತಿಂದು ಆಸಿಡ್ ಬಿಡುತ್ತದೆ. ಕೆಸರು ಹುಳಿಯಾಗುತ್ತಾ ಹೋದಂತೆ, ಮಣ್ಣಿನ ಕಣಕ್ಕೆ ಅಂಟಿದ್ದ ಲೋಹ ಬಿಟ್ಟುಕೊಂಡು ನೀರಿಗೆ ಬರುತ್ತದೆ. ಆ ನೀರನ್ನು ಬಸಿದು ಸುಣ್ಣ ಹಾಕಿದರೆ ಲೋಹ ಗಸಿಯಾಗಿ ತಳಕ್ಕೆ ಕೂರುತ್ತದೆ.

"ಆ ಹುಳ ನಮ್ ಬೋರ್‌ವೆಲ್‌ಗೆ ಇಳಿದ್ರೆ? ಕಾಯಿಲೆ ಬಂದ್ರೆ?" ಚನ್ನಕ್ಕ ಕೇಳಿದರು. ಅದು ಎಲ್ಲರ ಮನಸ್ಸಿನಲ್ಲೂ ಇದ್ದ ಪ್ರಶ್ನೆ.

"ಹೊರಗಿನಿಂದ ತಂದಿದ್ದಲ್ಲ ಚನ್ನಕ್ಕ. ನಿಮ್ಮ ಕೆರಿ ಕೆಸರಿನಾಗಿಂದನ ಆರಿಸಿ, ಗಂಧಕ ಹಾಕಿ ಸಾಕಿ, ಸಂಖ್ಯೆ ಹೆಚ್ಚು ಮಾಡೀವಿ. ಮನುಷ್ಯಾರಿಗೆ ರೋಗ ತರೋ ಜಾತಿ ಅಲ್ಲ. ಗಂಧಕ ಮುಗೀತು, ಹುಳಿ ಹೋತು ಅಂದ್ರ ಅವು ಬೆಳೆಯಂಗಿಲ್ಲ. ಆದ್ರ ಟ್ಯಾಂಕಿನ ನೀರು ಮಾತ್ರ ಆಸಿಡ್. ಅದನ್ನ ಯಾರೂ ಮುಟ್ಟಂಗಿಲ್ಲ, ನೆಲಕ್ಕ ಬಿಡಂಗಿಲ್ಲ."

"ನೋಡೇಬಿಡಾಣ" ಅಂದರು ದೊಡ್ಡಮುನಿಯಪ್ಪ. ಆಗದು ಅನ್ನುವ ದನಿಯಲ್ಲೇ ಅಂದರು.

ಬೇಕಾದ ಅನುಮತಿ ಎಲ್ಲ ಪಡೆದು, ಏರಿ ಕೆಳಗೆ ತಗಡಿನ ಸೂರು ಹಾಕಿದರು. ಸೋರದಂತೆ ದಪ್ಪ ಪ್ಲಾಸ್ಟಿಕ್ ಹಾಸಿದ ಎರಡು ಟ್ಯಾಂಕು ಕಟ್ಟಿದರು. ಸುತ್ತ ಬೇಲಿ. ಎರಡರಲ್ಲೂ ಒಂದೇ ಗುಡ್ಡೆಯ ಕೆಸರು, ಒಂದೇ ಅಳತೆಯ ನೀರು, ತಳದಿಂದ ಗಾಳಿ. ಒಂದಕ್ಕೆ ಮಾತ್ರ ಬ್ಯಾಕ್ಟೀರಿಯಾ ಬೆಳೆಸಿದ ನೀರು ಮತ್ತು ಗಂಧಕದ ಪುಡಿ ಹಾಕಿದರು. ಚನ್ನಕ್ಕನ ಜಮೀನಿನಿಂದ ಕೆರೆದು ತೆಗೆದ ಮಣ್ಣೂ ಅದಕ್ಕೇ ಹೋಯಿತು.

ದೊಡ್ಡಮುನಿಯಪ್ಪ ದಿನಾ ಬೇಲಿ ಹೊರಗೆ ನಿಂತು ನೋಡುತ್ತಿದ್ದರು. ಮೊದಲ ವಾರ ಏನೂ ಕಾಣಲಿಲ್ಲ. "ಹುಳ ಮಲಗ್ಬಿಟ್ಟಾವಾ ಮೇಡಂ?" ಅಂತ ರೇಗಿಸಿದರು. ಹತ್ತನೇ ದಿನ ತಾವಾಗಿಯೇ ಒಂದು ಮಾತು ಹೇಳಿದರು. "ಆ ಮೂಲೇಲಿ ಗುಳ್ಳೆ ಬರ್ತಿಲ್ಲ. ಕೆಳಗೆ ಕೆಸರು ಕೂತ್ಕಂಡೈತೆ. ನಮ್ ಪ್ಲೇಟಿಂಗ್ ಟ್ಯಾಂಕಲ್ಲೂ ಇಂಗೇ ಆಗ್ತಿತ್ತು. ಗಾಳಿ ಪೈಪು ಅಡ್ಡ ಆಕ್ಬೇಡಿ, ಸುತ್ತ ಆಕಿ."

ಕಾವ್ಯಾ ಮೇಡಂ ಪೈಪನ್ನು ಸುತ್ತ ಹಾಕಿಸಿದರು. ಇಡೀ ಟ್ಯಾಂಕು ಕುದಿಯುವ ಪಾತ್ರೆಯ ಹಾಗೆ ಗುಳ್ಳೆ ಏಳಿಸಿತು. ಮೂರೇ ದಿನದಲ್ಲಿ ಹುಳಿ ಅಳೆಯುವ ಕಾಗದದ ಬಣ್ಣ ಬದಲಾಯಿತು. ಗಂಧಕ ಹಾಕದ ಟ್ಯಾಂಕಿನಲ್ಲಿ ಕಾಗದ ಹಸಿರಾಗೇ ಇತ್ತು. ಇನ್ನೊಂದರಲ್ಲಿ ಕೆಂಪಗಾಯಿತು. ಮೇಡಂ ದೊಡ್ಡಮುನಿಯಪ್ಪನವರಿಗೂ ಒಂದು ಜೊತೆ ಗ್ಲೌಸು, ಬೂಟು, ಕನ್ನಡಕ ಕೊಟ್ಟು ಒಳಗೆ ಕರೆದರು.

ದೊಡ್ಡಮುನಿಯಪ್ಪ ಆ ಕೆಂಪು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮೇಡಂ, ನಾವು ಆಸಿಡ್ ಕ್ಯಾನು ಎತ್ತಿ ಎತ್ತಿ ಬೆನ್ನು ಮುರ್ಕೊಂಡ್ವಿ. ಚರ್ಮ ಸುಟ್ಕೊಂಡ್ವಿ. ಕಣ್ಗೆ ಕಾಣದ ಇವು ಕೂತಲ್ಲೇ ಮಾಡ್ತಾವಲ್ಲ!" ಅಂದರು. ಅವತ್ತಿನಿಂದ ಹುಳ ಅನ್ನುವುದು ಬಿಟ್ಟರು. "ನಮ್ಮೋರು ಇವತ್ತು ಎಂಗವ್ರೆ?" ಅಂತ ಕೇಳುತ್ತಾ ಬರುತ್ತಿದ್ದರು.

ಐದನೇ ವಾರ ಫಲಿತಾಂಶ ಬಂತು. ನಿಕ್ಕಲ್, ಕ್ಯಾಡ್ಮಿಯಂ ನೂರಕ್ಕೆ ಎಂಬತ್ತು ಪಾಲು ಕೆಸರು ಬಿಟ್ಟು ನೀರಿಗೆ ಬಂದಿತ್ತು. ಕ್ರೋಮಿಯಂ ಮಾತ್ರ ಅರ್ಧ. ಅದು ಹಟಮಾರಿ, ಇನ್ನೂ ಸಮಯ ಬೇಕು ಅಂದರು ಮೇಡಂ. ಬ್ಯಾಕ್ಟೀರಿಯಾ ಹಾಕದ ಟ್ಯಾಂಕಿನಲ್ಲಿ ಏನೂ ಕದಲಿರಲಿಲ್ಲ.

ಆದರೆ ಮೇಡಂ ಮುಖದಲ್ಲಿ ಪೂರ್ತಿ ಖುಷಿ ಇರಲಿಲ್ಲ. ಅವರು ಕೆರೆಯ ಹನ್ನೆರಡು ಕಡೆಯಿಂದ ಕೆಸರು ತೆಗೆದು ಪರೀಕ್ಷೆ ಮಾಡಿಸಿದ್ದರು. ನಕ್ಷೆ ಬಿಡಿಸಿ ನಮಗೆ ತೋರಿಸಿದರು.

"ಕಾಲುವೆ ಬರೋದು ಈ ಕಡೆ. ಇಲ್ಲಿ ಲೋಹ ಐತಿ, ತಿಳೀತು. ಆದ್ರ ಎಲ್ಲಕ್ಕಿಂತ ಜಾಸ್ತಿ ಇರೋದು ಆ ಕಡೆ ಮೂಲ್ಯಾಗ. ಅಲ್ಲಿಗೆ ಯಾವ ಕಾಲುವೆನೂ ಇಲ್ಲ. ಎಲ್ಲಿಂದ ಬಂತು? ಅದು ತಿಳೀಲಿಲ್ಲ ಅಂದ್ರ ನಾವು ತೊಳೀತಾನ ಇರಬೇಕು, ಅದು ಬರ್ತಾನ ಇರ್ತೈತಿ."

ದೊಡ್ಡಮುನಿಯಪ್ಪ ನಕ್ಷೆ ನೋಡಿದರು. ಗ್ಲೌಸು ಕಳಚಿಟ್ಟು ಎದ್ದು ಹೋದರು. ಎರಡು ದಿನ ಟ್ಯಾಂಕಿನ ಕಡೆ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹೆಗಲ ಮೇಲೆ ಹಾರೆ ಇಟ್ಟುಕೊಂಡು ಬಂದರು. ಹಿಂದೆ ಚನ್ನಕ್ಕ, ಏನು ಎತ್ತ ಅಂತ ಗೊತ್ತಿಲ್ಲದೆ. "ಬನ್ನಿ ಮೇಡಂ. ಸೌಮ್ಯಮ್ಮ, ನೀನೂ ಬಾ" ಅಂದರು. ಕೆರೆ ತೂಬಿನ ಹತ್ತಿರದಿಂದ ಹೆಜ್ಜೆ ಎಣಿಸುತ್ತಾ ಏರಿ ಮೇಲೆ ಆ ಮೂಲೆಯ ಕಡೆ ನಡೆದರು. ನಲವತ್ತೆರಡಕ್ಕೆ ನಿಂತರು. ಲಂಟಾನ ಪೊದೆ ಸರಿಸಿ ಅಗೆದರು. ಎರಡಡಿ ಕೆಳಗೆ ಹಾರೆ ಟಣ್ ಅಂತು.

ತುಕ್ಕು ಹಿಡಿದ ಕಬ್ಬಿಣದ ಪೈಪು. ಅದರ ಬಾಯಿ ಕೆರೆಯ ಕಡೆಗಿತ್ತು. ಸುತ್ತಲಿನ ಕೆಸರು ಹಸಿರು ಬಣ್ಣಕ್ಕೆ ತಿರುಗಿತ್ತು.

"ನಮ್ ಕಾರ್ಖಾನೇದು" ಅಂದರು. "ಭಾನುವಾರ ಎಲ್ರಿಗೂ ರಜಾ. ನಾನೊಬ್ನೇ ಬತ್ತಿದ್ದೆ. ವಾಲ್ ತಿರುಗಿಸ್ತಿದ್ದೆ. ಟ್ಯಾಂಕಲ್ಲಿ ಮಿಕ್ಕಿದ್ದ ಅಸಿರು ನೀರು, ಅಳದಿ ನೀರು ಎಲ್ಲಾ ಇದ್ರಾಗೇ ಇಳೀತಿತ್ತು. ಅನ್ನೊಂದು ವರ್ಸ. ಓನರ್ ಏಳ್ದ ಅಂತ ಮಾಡ್ದೆ. ಆದ್ರೆ ಅದು ಎಂಥಾ ನೀರು ಅಂತ ನನ್ಗೆ ಗೊತ್ತಿತ್ತು ಮೇಡಂ. ಮಳೆ ಕೊಚ್ಕೊಂಡ್ ಓಗಿರ್ತೈತೆ ಅಂತ ಮನ್ಸಿಗೆ ಏಳ್ಕೊಂಡಿದ್ದೆ."

ಚನ್ನಕ್ಕ ಗಂಡನ ಮುಖವನ್ನೇ ನೋಡುತ್ತಿದ್ದರು. "ನಾನು ಇದೇ ಕೆರೇಲಿ ಬಟ್ಟೆ ಒಗೀತಿದ್ನಲ್ರೀ" ಅಂದರು. "ನಮ್ ಎಮ್ಮೆ ಇಲ್ಲೇ ನೀರು ಕುಡೀತಿತ್ತು."

ದೊಡ್ಡಮುನಿಯಪ್ಪ ತಲೆ ತಗ್ಗಿಸಿದರು. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಕಾವ್ಯಾ ಮೇಡಂ ಪೈಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಳಗೆ ನೋಡಿದರು. ಒಳಗೆ ಇನ್ನೂ ಗಸಿ ತುಂಬಿತ್ತು. ಪ್ರತಿ ಮಳೆಗೂ ಅದು ಸ್ವಲ್ಪ ಸ್ವಲ್ಪ ಕೆರೆಗೆ ಇಳಿಯುತ್ತಿತ್ತು.

"ಯಜಮಾನ್ರ" ಅಂದರು ಮೆಲ್ಲಗೆ, "ಇದನ್ನ ಹುಡುಕಾಕ ನಮಗ ಇನ್ನೂ ಎರಡು ವರ್ಷ ಹಿಡೀತಿತ್ತು. ಸಿಗ್ತಿತ್ತೋ ಇಲ್ಲೋ. ಹೇಳೋದು ಸುಲಭ ಇರ್ಲಿಲ್ಲ, ನನಗ ಗೊತ್ತು."

ಆ ವಾರವೇ ಸಂಬಂಧಪಟ್ಟ ಅಧಿಕಾರಿಗಳು ಬಂದು ನೋಡಿದರು. ಪೈಪು ತೆಗೆದರು, ಬಾಯಿ ಮುಚ್ಚಿದರು. ಆ ಮೂಲೆಯ ಹಸಿರು ಕೆಸರನ್ನು ಬೇರೆಯಾಗಿ ತೆಗೆದು ಟ್ಯಾಂಕಿಗೆ ಹಾಕಿದರು. ಕ್ರೋಮಿಯಂ ಹಟಕ್ಕೆ ಇನ್ನೊಂದು ತಿಂಗಳು ಹೆಚ್ಚು ಕೊಟ್ಟರು. ಗಂಧಕ ಹಾಕುವುದು, ಗಾಳಿ ನೋಡುವುದು, ದಿನಾ ಹುಳಿ ಅಳೆದು ಬರೆದಿಡುವುದು ದೊಡ್ಡಮುನಿಯಪ್ಪನ ಕೆಲಸವಾಯಿತು. ಯಾರೂ ವಹಿಸಿದ್ದಲ್ಲ. ತಾವೇ ಹಚ್ಚಿಕೊಂಡರು.

ಹುಳಿ ನೀರನ್ನು ಬಸಿದು ಸುಣ್ಣ ಹಾಕಿದ ದಿನ ನಾನೂ ಹೋಗಿದ್ದೆ. ತಿಳಿಯಾಗಿದ್ದ ನೀರು ಹಾಲು ಒಡೆದ ಹಾಗೆ ಒಡೆಯಿತು. ಹಸಿರು ಗಸಿ ನಿಧಾನಕ್ಕೆ ತಳಕ್ಕೆ ಇಳಿಯಿತು. ಲಾರಿಗಟ್ಟಲೆ ಕೆಸರಿನಲ್ಲಿ ಹರಡಿಕೊಂಡಿದ್ದ ವಿಷ, ಒಣಗಿಸಿದ ಮೇಲೆ ಒಂದು ಡ್ರಮ್ಮಿನಷ್ಟಾಯಿತು. ಅದನ್ನು ಮುಚ್ಚಿ, ಅಪಾಯದ ತ್ಯಾಜ್ಯ ಇಡಲೆಂದೇ ಇರುವ ಜಾಗಕ್ಕೆ ಕಳಿಸಿದರು.

ತೊಳೆದ ಮಣ್ಣಿಗೂ ಸುಣ್ಣ ಬೆರೆಸಿ, ಮತ್ತೆ ಹುಳಿ ಏರುತ್ತದೆಯೇ ಅಂತ ಎರಡು ತಿಂಗಳು ಕಾದು, ಮತ್ತೆ ಪರೀಕ್ಷೆ ಮಾಡಿಸಿದರು. ಏರಿ ಮೇಲೆ ಮರ ನೆಡಲು ಅಡ್ಡಿಯಿಲ್ಲ ಅಂತ ವರದಿ ಬಂತು. "ಸೊಪ್ಪಿಗೆ ಹಾಕ್ಬೌದಾ?" ಅಂತ ಯಾರೋ ಕೇಳಿದರು. "ಬ್ಯಾಡ್ರಿ" ಅಂದರು ಮೇಡಂ. "ಎಷ್ಟು ಆಗೈತಿ ಅಷ್ಟು ಹೇಳಬೇಕು. ತಿನ್ನೋ ಬೆಳಿಗೆ ಬ್ಯಾಡ." ಆ ಮಾತಿಗೇ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಚನ್ನಕ್ಕನ ಜಮೀನಿನಲ್ಲಿ ಮೇಲಿನ ಮಣ್ಣು ಕೆರೆದ ಮೇಲೆ ಉಳಿದ ಮಣ್ಣು ಸರಿಯಿದೆ ಅಂತ ಬಂತು. ಈಗ ಅಲ್ಲಿ ಮೆಂತ್ಯ ಬೆಳೆಯುತ್ತಿದೆ. ಪ್ರತಿ ವರ್ಷ ಪರೀಕ್ಷೆ ಮಾಡಿಸುತ್ತಾರೆ.

ಕೆರೆ ಇನ್ನೂ ಪೂರ್ತಿ ಶುದ್ಧವಾಗಿಲ್ಲ. ಗುಡ್ಡೆಯಲ್ಲಿ ಅರ್ಧ ಮುಗಿದಿದೆ, ಅರ್ಧ ಟಾರ್ಪಾಲಿನ ಕೆಳಗಿದೆ. ಒಂದೊಂದೇ ಟ್ಯಾಂಕು ನಡೆಯುತ್ತಿದೆ.

ಕಳೆದ ತಿಂಗಳು ದೊಡ್ಡಮುನಿಯಪ್ಪ ಪೀಣ್ಯದ ಒಂದು ಟೀ ಅಂಗಡಿಗೆ ಹೋದರು. ಪ್ಲೇಟಿಂಗ್ ಕೆಲಸದವರು ಹತ್ತು ಗಂಟೆಗೆ ಟೀ ಕುಡಿಯುವ ಜಾಗ. ತಮ್ಮ ಕೈ ತೋರಿಸಿದರು, ಮೂಗಿನ ವಿಷಯ ಹೇಳಿದರು, ಪೈಪಿನ ವಿಷಯವನ್ನೂ ಬಿಡದೆ ಹೇಳಿದರು. "ಒಂದು ನಿಮಿಷಕ್ಕೆ ವಾಲ್ ತಿರುಗಿಸ್ಬೌದು ಕಣ್ರಪ್ಪಾ. ಅದನ್ನ ವಾಪಸ್ ತೆಗೆಯಾಕೆ ಕೋಟಿ ಕೋಟಿ ಜೀವಗಳು ಎರಡು ತಿಂಗಳು ಅಗಲೂ ರಾತ್ರಿ ದುಡೀಬೇಕು. ನಾನೇ ನೋಡಿದೀನಿ." ಜೊತೆಗೆ ಹೋಗಿದ್ದ ಚನ್ನಕ್ಕ ಬಂದು ನನಗೆ ಹೇಳಿದರು: ಒಬ್ಬನೂ ನಗಲಿಲ್ಲವಂತೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೆರೆ ಪಕ್ಕ ಕಾರ್ಖಾನೆ ಇದ್ದರೆ, ಹಿಂದೆ ಇದ್ದಿದ್ದರೂ ಸರಿ, ಹೂಳು ಹೊರುವ ಮುಂಚೆ ಪರೀಕ್ಷೆ ಮಾಡಿಸಿ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ನಿಕ್ಕಲ್, ಕ್ಯಾಡ್ಮಿಯಂನಂಥ ಭಾರ ಲೋಹದ ಪರೀಕ್ಷೆ ಬೇಕು ಅಂತಲೇ ಕೇಳಿ. ವರದಿ ಬರುವ ತನಕ ಆ ಮಣ್ಣು ಕುಂಡಕ್ಕೂ ಬೇಡ, ಜಮೀನಿಗೂ ಬೇಡ. ಗಂಧಕ ತಂದು ಮನೆಯಲ್ಲಿ ನೀವೇ ತೊಳೆಯಲು ಹೋಗಬೇಡಿ. ಅದು ಆಸಿಡ್ಡಿನ ಕೆಲಸ, ತಿಳಿದವರು ಕಾವಲಿಟ್ಟು ಮಾಡಬೇಕಾದದ್ದು. ನಿಮ್ಮೂರಿನಲ್ಲಿ ಅಂಥವರು ಬಂದರೆ ಅನುಮಾನ ಇದ್ದರೂ ಪ್ರಶ್ನೆ ಕೇಳಿ, ಹತ್ತಿರ ನಿಂತು ನೋಡಿ, ಅವಕಾಶ ಕೊಡಿ.

ಇನ್ನೊಂದು ಮಾತು. ಎಲ್ಲಿಂದ ಏನು ಹರಿಯಿತು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಿರಬಹುದು. ಗೊತ್ತಿದ್ದರೆ ದಯವಿಟ್ಟು ಹೇಳಿ. ಊರವರು ಏನಂತಾರೋ ಅಂತ ಹೆದರಬೇಡಿ. ನಮ್ಮ ದೊಡ್ಡಮುನಿಯಪ್ಪನವರನ್ನು ಊರಲ್ಲಿ ಯಾರೂ ದೂರ ಮಾಡಲಿಲ್ಲ. ಚನ್ನಕ್ಕ ಒಬ್ಬರು ಒಂದು ವಾರ ಮಾತು ಬಿಟ್ಟರು. ಎಂಟನೇ ದಿನ ತಾವೇ ಊಟದ ಡಬ್ಬಿ ಹಿಡಿದು ಟ್ಯಾಂಕಿನ ಹತ್ತಿರ ಬಂದರು.